ಪುಟ್ಟಿಗೆ, ಮಾವನಿಂದ

ಪ್ರೀತಿಯ ಪುಟ್ಟಿ,

ನಿನಗೆ ರೇಡಿಯಾಲಜಿ ಸೀಟು ಸಿಕ್ಕಿತು ಅಂತ ನಿನ್ನಮ್ಮ ಫೋನ್ ಮಾಡಿದಾಗ ನಾನು ರಥಬೀದಿಯಲ್ಲಿದ್ದೆ, ಚೆಂಡೆ ಗಲಾಟೆಯಲ್ಲಿ ಅರ್ಧ ಕೇಳಿಸಲೇ ಇಲ್ಲ. ಮನೆಗೆ ಬಂದ ಮೇಲೆ ಖುಷಿಪಟ್ಟೆ. ನೀನು ಡಾಕ್ಟರು. ನಾನು ಮೂವತ್ತು ವರ್ಷ ಎಕ್ಸ್‌ರೇ ತೆಗೆದವನು ಅಷ್ಟೇ. ಆದರೂ ಒಂದು ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಮ್ಮದು ಡಾರ್ಕ್‌ರೂಮ್ ಕಾಲ. ಕೆಂಪು ಬಲ್ಬು, ಫಿಲ್ಮ್ ತೊಳೆಯುವ ಡೆವಲಪರ್, ಫಿಕ್ಸರ್. ಬೆರಳಿಗೆ ಅಂಟಿದ ಆ ಹುಳಿ ವಾಸನೆ ಊಟಕ್ಕೆ ಕೂತರೂ ಹೋಗುತ್ತಿರಲಿಲ್ಲ. ಮಳೆಗಾಲ ಮುಗಿದು ಬೋಟುಗಳು ಕಡಲಿಗಿಳಿದ ವಾರ, ಮಲ್ಪೆ ಧಕ್ಕೆಯಲ್ಲಿ ಜಾರಿ ಬಲಗೈ ಊರಿ ಬಿದ್ದ ಹುಡುಗನೊಬ್ಬ ಬಂದ. ಹಸಿ ಫಿಲ್ಮನ್ನೇ ಬೆಳಕಿಗೆ ಹಿಡಿದು ನೋಡಿದೆ, ಬಿರುಕು ಕಾಣಲಿಲ್ಲ. ಡಾಕ್ಟರೂ ಏನಿಲ್ಲ ಅಂದರು. ಅವನು ಹೆಬ್ಬೆರಳಿನ ಬುಡದ ಗುಳಿಯನ್ನು ಒತ್ತಿ ತೋರಿಸಿ, "ಇಲ್ಲೇ ನೋವು" ಅಂದ. ನಾನು ಫಿಲ್ಮ್ ತೋರಿಸಿದೆ. "ಇದರಲ್ಲಿ ಏನೂ ಇಲ್ಲ ಮಾರಾಯ, ಸುಮ್ನೆ ಹೆದರಬೇಡ, ಕೆಲಸಕ್ಕೆ ಹೋಗು."

ಆ ಗುಳಿಯ ಕೆಳಗೆ ಸ್ಕೇಫಾಯ್ಡ್ ಅನ್ನುವ ಮಣಿಕಟ್ಟಿನ ಪುಟ್ಟ ಮೂಳೆ ಇರುವುದು ನಿನಗೆ ಗೊತ್ತಲ್ಲ. ಅದು ಬಿರುಕು ಬಿಟ್ಟರೂ ಮೊದಲ ದಿನದ ಎಕ್ಸ್‌ರೇಯಲ್ಲಿ ಕೆಲವೊಮ್ಮೆ ಕಾಣುವುದಿಲ್ಲ. ಅಲ್ಲಿ ಒತ್ತಿದರೆ ನೋವು ಅಂದರೆ ಪಟ್ಟಿ ಹಾಕಿ, ಹತ್ತು-ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಯಬೇಕು. ರಕ್ತ ಕಡಿಮೆ ಹರಿಯುವ ಮೂಳೆ ಅದು, ತಡವಾದರೆ ಕೂಡುವುದೂ ಕಷ್ಟ. ಹುಡುಗ ಎರಡು ತಿಂಗಳು ಮೀನಿನ ಬುಟ್ಟಿ ಎತ್ತಿ ಆಮೇಲೆ ವಾಪಸ್ ಬಂದ. ಆಗ ಫಿಲ್ಮಿನಲ್ಲಿ ಬಿರುಕು ಸ್ಪಷ್ಟವಾಗಿಯೇ ಕಾಣುತ್ತಿತ್ತು.

ನನ್ನ ಸೊಂಟದ ಕಥೆ ಇದಕ್ಕೆ ಉಲ್ಟಾ. ಎಂಆರ್‌ಐ ರಿಪೋರ್ಟಿನಲ್ಲಿ ಡಿಸ್ಕ್ ಬಲ್ಜ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಅಂತ ಓದಿದ್ದೇ ತಡ, ಒಂದು ತಿಂಗಳು ತೆಂಗಿನಕಾಯಿ ಕೂಡ ಎತ್ತಲಿಲ್ಲ, ಗಾಜಿನ ಗೊಂಬೆ ಹಾಗೆ ನಡೆದೆ. ಆಮೇಲೆ ಗೊತ್ತಾಯಿತು, ನೋವೇ ಇಲ್ಲದವರ ಸ್ಕ್ಯಾನುಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2015ರಲ್ಲಿ ನೋಡಿದಾಗ, ಅರವತ್ತರ ಪ್ರಾಯದವರಲ್ಲಿ ನೂರಕ್ಕೆ 69 ಮಂದಿಗೆ ಈ ಬಲ್ಜ್ ಇತ್ತಂತೆ. ತಲೆ ನರೆತ ಹಾಗೆ, ಅಲ್ವಾ? ಈ ಪ್ರಾಯದಲ್ಲಿ ಇದು ಮಾಮೂಲು ಅಂತ ರಿಪೋರ್ಟಿನಲ್ಲಿ ಒಂದು ಸಾಲು ಬರೆದರೆ ನಿಮ್ಮ ಗಂಟು ಏನು ಹೋಗುತ್ತದೆ?

ಇನ್ನೊಂದು, ಬೇಗ ಹೇಳಿ ಮುಗಿಸುತ್ತೇನೆ. ಗಂಡಾ ಹೆಣ್ಣಾ ಅಂತ ಕೇಳಿಕೊಂಡು ನಮ್ಮ ಮನೆಯವರೇ ಬರುತ್ತಾರೆ, ನೋಡುತ್ತಿರು. ಹೊಟ್ಟೆಯಲ್ಲಿರುವ ಮಗು ಯಾವುದು ಅಂತ ಹೇಳಬಾರದು, 1994ರ ಕಾನೂನು ಇದೆ ಅಂತ ಹೇಳಿ ಕಳಿಸು. ಯಾರಾದರೂ ಮುನಿಸಿಕೊಂಡರೆ ನನ್ನ ಹೆಸರು ಹೇಳು.

ನಿನ್ನ ಕೈಗೆ ಬರುವ ಚೀಟಿಗಳಲ್ಲಿ ಜಾಸ್ತಿ ಕಡೆ 'ಮಣಿಕಟ್ಟು ನೋವು' ಅಂತ ಎರಡೇ ಶಬ್ದ ಇರುತ್ತದೆ. ಎಲ್ಲಿ ನೋವು, ಹೇಗೆ ಬಿದ್ದ, ಏನೂ ಇರುವುದಿಲ್ಲ. ಕತ್ತಲೆ ಕೋಣೆಯಲ್ಲಿ ಸ್ಕ್ರೀನ್ ನೋಡುತ್ತಾ ಊಹಿಸುತ್ತಾ ಕೂರಬೇಡ. ಹೊರಗಿನ ಬೆಂಚಿನಲ್ಲಿ ಅವನು ಕೂತೇ ಇರುತ್ತಾನೆ, ಎದ್ದು ಹೋಗಿ ಕೇಳು, ಕೈ ಹಿಡಿದು ಒತ್ತಿ ನೋಡು.

ಆ ಹುಡುಗ ಈಗಲೂ ಮಲ್ಪೆಯಲ್ಲಿ ಸಿಗುತ್ತಾನೆ. ನನ್ನನ್ನು ಕಂಡರೆ ನಗುತ್ತಾನೆ, ಬಂಗುಡೆ ಎರಡು ಜಾಸ್ತಿಯೇ ಹಾಕುತ್ತಾನೆ. ಎಡಗೈಯಲ್ಲಿ.

ನಿನ್ನ ಮಾವ