ಉಪ್ಪುನೀರಿನ ಲೋಟ ಕೆಳಗಿಡಿ

ಮಾನ್ಯ ಸಂಪಾದಕರೇ,

ನಾಯಿ ತಿನ್ನಬಾರದ್ದು ತಿಂದರೆ ಉಪ್ಪುನೀರು ಕುಡಿಸಿ ಕಕ್ಕಿಸಿ ಎಂಬ ಸಲಹೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ವಾಂತಿ ನಿಲ್ಲದಿದ್ದರೆ ಮನೆಯಲ್ಲಿರುವ ಮಾತ್ರೆ ಅರ್ಧ ಮುರಿದು ಕೊಡಿ ಎಂಬುದು ಅದರ ಬಾಲ. ಎರಡೂ ತಪ್ಪು. ಮೊದಲನೆಯದರ ಲೆಕ್ಕ ಹಾಕಿ ನೋಡೋಣ. ದೊಡ್ಡ ಚಮಚದ ತುಂಬ ಉಪ್ಪು ಎಂದರೆ ಸುಮಾರು 18 ಗ್ರಾಂ. ನಾಯಿಯ ತೂಕದ ಪ್ರತಿ ಕಿಲೋಗೆ 2ರಿಂದ 3 ಗ್ರಾಂ ಉಪ್ಪು ಒಳಹೋದರೆ ವಿಷದ ಲಕ್ಷಣ ಶುರುವಾಗುತ್ತದೆ, 4 ಗ್ರಾಂ ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ಆರು ಕಿಲೋ ತೂಗುವ ಪೊಮೇರಿಯನ್‌ಗೆ ಆ ಒಂದು ಚಮಚವೇ ಹೆಚ್ಚು. ಕಕ್ಕಿದರೆ ಬಚಾವ್. ಕಕ್ಕದಿದ್ದರೆ ಉಪ್ಪೆಲ್ಲ ರಕ್ತಕ್ಕೆ ಸೇರಿ ಮಿದುಳಿನ ಜೀವಕೋಶಗಳ ನೀರನ್ನೇ ಎಳೆದುಕೊಳ್ಳುತ್ತದೆ. ನಡುಕ, ಫಿಟ್ಸ್ ಬರುತ್ತವೆ. ನುಂಗಿದ ವಿಷಕ್ಕಿಂತ ಮನೆಮದ್ದೇ ದೊಡ್ಡ ವಿಷವಾಗುವುದು ಹೀಗೆ.

ನಾಯಿಗೆ ಏನನ್ನಾದರೂ ಕೊಡುವ ಮೊದಲು ಅದು ಮಾಡಿದ್ದನ್ನು ಸರಿಯಾಗಿ ನೋಡಬೇಕು. ನಿಜವಾದ ವಾಂತಿಗೆ ಮುನ್ನ ನಾಯಿ ತುಟಿ ನೆಕ್ಕಿಕೊಳ್ಳುತ್ತದೆ, ಜೊಲ್ಲು ಸುರಿಸುತ್ತದೆ, ಅತ್ತಿತ್ತ ಓಡಾಡಿ ಮೂಲೆ ಹುಡುಕುತ್ತದೆ. ಆಮೇಲೆ ಬೆನ್ನು ಬಿಲ್ಲಾಗುತ್ತದೆ, ಹೊಟ್ಟೆ ಮೂರು ನಾಲ್ಕು ಸಲ ಒಳಕ್ಕೆ ಜಗ್ಗುತ್ತದೆ, ಕತ್ತು ಚಾಚಿ ಕಕ್ಕುತ್ತದೆ. ಈ ಯಾವ ಸಿದ್ಧತೆಯೂ ಇಲ್ಲದೆ ತಲೆ ಬಗ್ಗಿಸಿದೊಡನೆ ಅನ್ನ ಜಾರಿ ಬಿದ್ದರೆ, ಅದೂ ಜೀರ್ಣವಾಗದೆ, ಲೋಳೆ ಸುತ್ತಿಕೊಂಡು ಕೊಳವೆಯಾಕಾರದಲ್ಲಿದ್ದರೆ, ಅದು ಹೊಟ್ಟೆಗೆ ಇಳಿದೇ ಇಲ್ಲ, ಅನ್ನನಾಳದಿಂದಲೇ ವಾಪಸು ಬಂದಿದೆ ಎಂದರ್ಥ. ಇದಕ್ಕೆ ಹೊಟ್ಟೆಯ ಮಾತ್ರೆ ಎಷ್ಟು ಕೊಟ್ಟರೂ ದಂಡ. ಹೀಗೆ ವಾಪಸು ಬಂದದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಆದ್ದರಿಂದ ಪದೇಪದೇ ಆಗುತ್ತಿದ್ದರೆ ಎದೆಯ ಎಕ್ಸ್‌ರೇ ಬೇಕು. ಇನ್ನೊಂದು ಗೊಂದಲವೂ ಉಂಟು: ಜೋರಾಗಿ ಕೆಮ್ಮಿ ಕೆಮ್ಮಿ ಕೊನೆಗೆ ಒಂದಿಷ್ಟು ಬಿಳಿ ನೊರೆ ಉಗುಳುವ ನಾಯಿಯನ್ನು ‘ಗಂಟಲಲ್ಲಿ ಮೂಳೆ ಸಿಕ್ಕಿದೆ’ ಎಂದು ಕರೆತರುತ್ತಾರೆ. ಬಹಳಷ್ಟು ಸಲ ಅದು ಕೆನಲ್ ಕಾಫ್, ಅಂದರೆ ಕೆಮ್ಮಿನ ಸೋಂಕು. ಮೊಬೈಲಿನಲ್ಲಿ ಹತ್ತು ಸೆಕೆಂಡಿನ ವಿಡಿಯೋ ಮಾಡಿಕೊಂಡರೆ ಅರ್ಧ ಗಂಟೆಯ ವಿವರಣೆ ಉಳಿಯುತ್ತದೆ. ನೆಲ ಒರೆಸುವ ಮೊದಲು ಒಂದು ಫೋಟೊ ತೆಗೆಯಿರಿ. ತಡಮಾಡಿದರೆ ನಾಯಿಯೇ ನೆಕ್ಕಿ ಸಾಕ್ಷ್ಯ ಮುಗಿಸಿರುತ್ತದೆ.

ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಒಂದಿಷ್ಟು ಹಳದಿ ನೊರೆ ಕಕ್ಕಿ, ಆಮೇಲೆ ಬಾಲ ಅಲ್ಲಾಡಿಸುತ್ತ ತಿಂಡಿಗೆ ಬರುವ ನಾಯಿಯ ಬಗ್ಗೆ ಗಾಬರಿ ಬೇಡ. ಅದು ಪಿತ್ತ. ಸಂಜೆ ಏಳಕ್ಕೇ ಊಟ ಮುಗಿಸುವ ಮನೆಗಳಲ್ಲಿ ಇದು ಹೆಚ್ಚು. ರಾತ್ರಿ ಮಲಗುವ ಮುನ್ನ ಅದೇ ದಿನದ ಪಾಲಿನಿಂದ ಎರಡು ತುತ್ತು ಉಳಿಸಿ ಕೊಟ್ಟರೆ ಎಷ್ಟೋ ಸಲ ನಿಂತುಹೋಗುತ್ತದೆ. ಆದರೆ ವಾಂತಿಯಲ್ಲಿ ಕಾಫಿ ಚರಟದಂಥ ಕಪ್ಪು ಹರಳು ಕಂಡರೆ ಅದು ಹೊಟ್ಟೆಯೊಳಗೆ ಒಸರಿ ಜೀರ್ಣವಾದ ರಕ್ತ. ವಾಂತಿ ಮಲದ ವಾಸನೆ ಹೊಡೆದರೆ ಕರುಳು ಕೆಳಗೆಲ್ಲೋ ಕಟ್ಟಿಕೊಂಡಿದೆ. ಇವೆರಡರಲ್ಲೂ ನಾಳೆ ನೋಡೋಣ ಎನ್ನುವಂತಿಲ್ಲ.

ಅದಕ್ಕಿಂತಲೂ ತುರ್ತಿನದು, ಓಕರಿಸಿ ಓಕರಿಸಿ ಏನೂ ಬಾರದ ಸ್ಥಿತಿ. ಪಕ್ಕೆಲುಬಿನ ಹಿಂದೆ ಹೊಟ್ಟೆ ತಮಟೆಯಂತೆ ಬಿಗಿದಿರುತ್ತದೆ, ನಾಯಿ ನಿಂತಲ್ಲಿ ನಿಲ್ಲದೆ ಹಿಂತಿರುಗಿ ಹೊಟ್ಟೆಯನ್ನೇ ನೋಡಿಕೊಳ್ಳುತ್ತದೆ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ನಂಥ ಆಳ ಎದೆಯ ತಳಿಗಳಲ್ಲಿ ಜಠರ ಗಾಳಿ ತುಂಬಿ ತನ್ನ ಸುತ್ತ ತಾನೇ ತಿರುಚಿಕೊಳ್ಳುತ್ತದೆ. ಎರಡೂ ಬಾಯಿ ಮುಚ್ಚಿದ ಚೀಲ ಅದು. ಸೋಡಾ, ಇಂಗು, ಜೀರಿಗೆ ಕಷಾಯ ಎನ್ನುತ್ತ ಕೂತರೆ ಒಂದು ರಾತ್ರಿಯೂ ಉಳಿಯಲಿಕ್ಕಿಲ್ಲ. ಗಾಳಿ ತೆಗೆದು ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಫೋನು ಮಾಡಿಕೊಂಡೇ ಹೊರಡಬೇಕು.

ಈಗ ಮಾವಿನ ಕಾಲ. ಚೀಪಿ ಬಿಸಾಡಿದ ಓಟೆಯನ್ನು ನಾಯಿ ವಾಸನೆಯ ಆಸೆಗೆ ಇಡಿಯಾಗಿ ನುಂಗುತ್ತದೆ. ಓಟೆ ಜಠರದಲ್ಲಿ ದಿನಗಟ್ಟಲೆ ಸುಮ್ಮನೆ ಇದ್ದುಬಿಡಬಹುದು. ಆಮೇಲೊಂದು ದಿನ ಸಣ್ಣಕರುಳಿಗೆ ಜಾರಿ ಬಿರಡೆಯಂತೆ ಕೂರುತ್ತದೆ. ಮೊದಲು ಊಟ ವಾಪಸು, ಮಾರನೆಯ ದಿನ ಕುಡಿದ ನೀರೂ ವಾಪಸು. ಮಲ ನಿಲ್ಲುತ್ತದೆ, ಕೆಲವಕ್ಕೆ ಶುರುವಿನಲ್ಲಿ ತೆಳ್ಳಗೆ ಬೇಧಿಯಾಗುವುದರಿಂದ ‘ಅಜೀರ್ಣ’ ಎಂದೇ ಮನೆಯವರು ತಿಳಿಯುತ್ತಾರೆ. ಮೂಳೆ, ನಾಣ್ಯ ಕಾಣುವಷ್ಟು ಸ್ಪಷ್ಟವಾಗಿ ಓಟೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಸ್ಕ್ಯಾನಿಂಗ್ ಬೇಕಾಗಬಹುದು. ಆದ್ದರಿಂದ ‘ಮೂರು ದಿನದ ಹಿಂದೆ ಮಾವಿನಹಣ್ಣು ತಿಂದೆವು, ಒಂದು ಓಟೆ ಲೆಕ್ಕಕ್ಕೆ ಸಿಗಲಿಲ್ಲ’ ಎಂಬ ಮಾತು ವೈದ್ಯರಿಗೆ ಬಹಳ ದೊಡ್ಡ ಸುಳಿವು. ಮುಸುಕಿನ ಜೋಳದ ದಿಂಡಿನ ಕಥೆಯೂ ಇದೇ. ನುಂಗಿದ್ದನ್ನು ಕಣ್ಣಾರೆ ಕಂಡರೂ ಕಕ್ಕಿಸಲು ಹೋಗಬೇಡಿ, ಮೇಲೆ ಬರುವಾಗ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಇನ್ನೂ ಕಷ್ಟ. ಕರುಳು ಕಟ್ಟಿರುವಾಗ ಜಠರದ ಚಲನೆ ಹೆಚ್ಚಿಸುವ ಮೆಟೋಕ್ಲೋಪ್ರಮೈಡ್‌ನಂಥ ವಾಂತಿ ಮಾತ್ರೆ ಕೊಡುವುದು ಮುಚ್ಚಿದ ಬಾಗಿಲಿಗೆ ಹಿಂದಿನಿಂದ ನೂಕಿದಂತೆ.

ಹೂಮಾಲೆಯ ದಾರ, ಹೊಲಿಗೆ ನೂಲು ನುಂಗಿದ್ದರೆ ಇನ್ನೊಂದು ಎಚ್ಚರಿಕೆ. ಬಾಯಿಂದಲೋ ಗುದದಿಂದಲೋ ತುದಿ ಇಣುಕುತ್ತಿದ್ದರೆ ಎಳೆಯಬಾರದು. ಲಾಡಿ ಎಳೆದ ಲಂಗದ ಹಾಗೆ ಕರುಳು ನೆರಿಗೆಗಟ್ಟುತ್ತದೆ, ಬಿಗಿದ ದಾರ ಗರಗಸದಂತೆ ಅದನ್ನು ಕೊಯ್ಯುತ್ತದೆ.

ಅಡುಗೆಮನೆಯ ವಿಷಗಳಲ್ಲಿ ಚಾಕೊಲೇಟ್ ಎಲ್ಲರಿಗೂ ಗೊತ್ತು. ಪಾಯಸದ ಒಣದ್ರಾಕ್ಷಿ ಅಷ್ಟು ಗೊತ್ತಿಲ್ಲ, ಹುಣಸೆಹಣ್ಣಂತೂ ಗೊತ್ತೇ ಇಲ್ಲ. ದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಯಾಕೆ ಕೈಕೊಡುತ್ತದೆ ಎಂಬುದು ಬಹಳ ಕಾಲ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಪ್ರಾಣಿವಿಷ ತಜ್ಞರು ಟಾರ್ಟಾರಿಕ್ ಆಮ್ಲದ ಕಡೆಗೆ ಬೊಟ್ಟು ಮಾಡಿದರು. ಅದೇ ಆಮ್ಲ ಹುಣಸೆಯಲ್ಲಿ ಹೇರಳ. ಹುಣಸೆ ತಿಂದ ನಾಯಿಗಳಿಗೂ ಅದೇ ಬಗೆಯ ಮೂತ್ರಪಿಂಡದ ತೊಂದರೆಯಾದದ್ದು ದಾಖಲಾಗಿದೆ. ಮೊದಲ ದಿನ ವಾಂತಿ, ಆಮೇಲೆ ಮಂಕು, ಎರಡು ಮೂರು ದಿನದಲ್ಲಿ ಮೂತ್ರವೇ ಕಡಿಮೆ. ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬೇರೆ. ಹುಣಸೆ ನೆನೆಹಾಕಿದ ಪಾತ್ರೆ, ಪುಳಿಯೋಗರೆ ಗೊಜ್ಜು ಅದರ ಬಾಯಿಗೆ ಎಟುಕದಿರಲಿ. ಉಳಿದ ಸಾರನ್ನ ಸುರಿಯುವ ರೂಢಿಯನ್ನೂ ಬಿಡುವುದೇ ಲೇಸು, ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತವೆ; ಅವು ರಕ್ತಕಣಗಳನ್ನು ಒಡೆಯುತ್ತವೆ, ಪರಿಣಾಮ ಕಾಣುವುದು ಕೆಲವು ದಿನ ಕಳೆದ ಮೇಲೆ. ಹೊಸತೊಡಕಿನ ಮರುದಿನ ಮಟನ್ ಕೊಬ್ಬು ತಿಂದು ಬೆನ್ನು ಗೂನಾಗಿಸಿಕೊಂಡು ಕಕ್ಕುವ ನಾಯಿಗೆ ಮೇದೋಜೀರಕ ಗ್ರಂಥಿ ಊದಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಮಾತ್ರೆಯ ಡಬ್ಬಿ ತೆರೆಯಲೇಬೇಡಿ. ಪ್ಯಾರಾಸಿಟಮಾಲ್ ನಾಯಿಯ ಪಿತ್ತಜನಕಾಂಗವನ್ನು ಹಾಳುಮಾಡುತ್ತದೆ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡಕ್ಕೂ ಕೈಹಾಕುತ್ತವೆ.

ಇಲಿಪಾಷಾಣದ ವಿಷಯದಲ್ಲಿ ಪೊಟ್ಟಣದ ಮೇಲಿನ ಹೆಸರೇ ಮುಖ್ಯ. ಜಿಂಕ್ ಫಾಸ್ಫೈಡ್ ಆದರೆ ಜಠರದ ಆಮ್ಲ ತಾಗಿ ಫಾಸ್ಫೀನ್ ಅನಿಲ ಹುಟ್ಟುತ್ತದೆ. ಹಾಲು, ಬ್ರೆಡ್ಡು ಕೊಟ್ಟರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ನಾಯಿ ಕಕ್ಕಿದ ಕೋಣೆಯ ಕಿಟಕಿ ತೆರೆಯಿರಿ, ಆಟೋದಲ್ಲೋ ಕಾರಿನಲ್ಲೋ ಒಯ್ಯುವಾಗಲೂ ಗಾಳಿಯಾಡಲಿ. ಆ ಗಾಳಿ ಮನುಷ್ಯರಿಗೂ ವಿಷ. ಬ್ರೊಮಾಡಿಯೋಲೋನ್ ಬಿಲ್ಲೆಯಾದರೆ ಮೊದಲ ದಿನ ನಾಯಿ ಆರಾಮಾಗಿಯೇ ಇರುತ್ತದೆ, ರಕ್ತಸ್ರಾವ ಶುರುವಾಗುವುದು ಮೂರರಿಂದ ಐದು ದಿನದಲ್ಲಿ. ಅದಕ್ಕೆ ಮದ್ದು ವಿಟಮಿನ್ ಕೆ1, ಅದನ್ನು ವಾರಗಟ್ಟಲೆ ಕೊಡಬೇಕು. ಟಾಯ್ಲೆಟ್ ಆ್ಯಸಿಡ್, ಸೀಮೆಎಣ್ಣೆ ಕುಡಿದಿದ್ದರೆ ಯಾವ ಕಾರಣಕ್ಕೂ ಕಕ್ಕಿಸಬಾರದು. ಇಳಿಯುವಾಗ ಸುಟ್ಟ ಆ್ಯಸಿಡ್ ಹತ್ತುವಾಗಲೂ ಸುಡುತ್ತದೆ, ಸೀಮೆಎಣ್ಣೆ ಶ್ವಾಸಕೋಶ ಸೇರುತ್ತದೆ. ಮಳೆ ಬಿದ್ದ ರಾತ್ರಿ ನೆಲಗಪ್ಪೆ ಕಚ್ಚಿ ನೊರೆ ಸುರಿಸುತ್ತಿದ್ದರೆ ಮೂತಿ ತಗ್ಗಿಸಿ ಹಿಡಿದು, ಒದ್ದೆ ಬಟ್ಟೆಯಿಂದ ವಸಡು, ನಾಲಿಗೆ ಮತ್ತೆ ಮತ್ತೆ ಒರೆಸಿ, ಆಮೇಲೆ ಆಸ್ಪತ್ರೆಗೆ ಹೊರಡಿ.

ಹಾಗಾದರೆ ಮನೆಯಲ್ಲಿ ಮಾಡುವುದೇನೂ ಇಲ್ಲವೇ? ಇದೆ. ಬೆಳೆದ ನಾಯಿ, ಒಂದೆರಡು ಸಲ ಮಾತ್ರ ಕಕ್ಕಿದೆ, ರಕ್ತವಿಲ್ಲ, ಲವಲವಿಕೆಯಿಂದಿದೆ ಎಂದಾದರೆ 12 ಗಂಟೆ ಊಟ ನಿಲ್ಲಿಸಿ. ನೀರಿನ ಬಟ್ಟಲನ್ನು ಒಂದು ಗಂಟೆ ತೆಗೆದಿಡಿ. ತುಂಬಿದ ಬಟ್ಟಲು ಕೊಟ್ಟರೆ ಗಟಗಟ ಕುಡಿದು ಮತ್ತೆ ಕಕ್ಕುತ್ತದೆ. ಹತ್ತು ಕಿಲೋ ನಾಯಿಗೆ ಅರ್ಧ ಗಂಟೆಗೊಮ್ಮೆ ಎರಡು ಮೂರು ದೊಡ್ಡ ಚಮಚ ನೀರು ಸಾಕು. ಮೂರು ನಾಲ್ಕು ಗಂಟೆ ಅದು ಒಳಗೇ ನಿಂತರೆ ಬಟ್ಟಲು ಇಡಬಹುದು. ಆಮೇಲೆ ಎರಡು ಪಾಲು ಮೆತ್ತಗೆ ಬೇಯಿಸಿದ ಅನ್ನ, ಒಂದು ಪಾಲು ಚರ್ಮ ತೆಗೆದು ಬೇಯಿಸಿದ ಕೋಳಿ. ಉಪ್ಪು, ಎಣ್ಣೆ, ಒಗ್ಗರಣೆ ಬೇಡ. ಮೊದಲ ಸಲ ಎರಡೇ ಚಮಚ, ದಿನಕ್ಕೆ ನಾಲ್ಕೈದು ಸಲ, ಎರಡು ಮೂರು ದಿನ. ಮಾಂಸ ತಾರದ ಮನೆಗಳಲ್ಲಿ ಬರಿ ಅನ್ನ, ಬೇಯಿಸಿದ ಆಲೂಗಡ್ಡೆ ಎರಡು ದಿನಕ್ಕೆ ನಡೆಯುತ್ತದೆ. ಹಾಲು ಬೇಡ, ಮೊಸರನ್ನ ಮೊದಲ ದಿನ ಬೇಡ. ವಸಡನ್ನು ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ನಮ್ಮ ನಾಡತಳಿಗಳಲ್ಲಿ ಎಷ್ಟೋ ನಾಯಿಗಳ ವಸಡೇ ಕಪ್ಪು, ಅವುಗಳ ಕೆಳರೆಪ್ಪೆಯ ಒಳಭಾಗ ನೋಡಿ. ಬಿಳಿಚಿದ್ದರೆ, ಹಳದಿಗಿದ್ದರೆ, ವಸಡು ಮುಟ್ಟಿದಾಗ ಅಂಟುತ್ತಿದ್ದರೆ ಮನೆಮದ್ದು ಅಲ್ಲಿಗೇ ನಿಲ್ಲಲಿ. ಕಣ್ಣು ಹಳದಿಯಾಗಿದ್ದರೆ ಇಲಿಜ್ವರವೂ ಇರಬಹುದು. ಅದು ಮೂತ್ರದಿಂದ ಮನುಷ್ಯರಿಗೆ ದಾಟುವುದರಿಂದ ಗ್ಲೌಸ್ ಹಾಕಿಯೇ ನೆಲ ತೊಳೆಯಿರಿ.

ಈ ಉಪವಾಸ ಮರಿಗಳಿಗೆ ಸಲ್ಲದು, ಅವುಗಳ ರಕ್ತದ ಸಕ್ಕರೆ ಬೇಗ ಕುಸಿಯುತ್ತದೆ. ಆರು ತಿಂಗಳೊಳಗಿನ, ಲಸಿಕೆ ಮುಗಿಯದ ಮರಿ ಕಕ್ಕಿ ಮಂಕಾದರೆ ಪಾರ್ವೊ, ಅಂದರೆ ಕರುಳಿಗೆ ತಗಲುವ ವೈರಾಣು ಸೋಂಕು, ಎಂದೇ ಭಾವಿಸಿ ಹೊರಡಿ, ರಕ್ತಬೇಧಿ ಶುರುವಾಗುವವರೆಗೆ ಕಾಯಬೇಡಿ. ಆರರಿಂದ ಎಂಟನೇ ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವವರೆಗೆ ಕೊಡಿಸಬೇಕು. ಒಂದು ಸೂಜಿ ಹಾಕಿಸಿದೆವು ಎಂಬ ಸಮಾಧಾನ ಸಾಲದು. ಪಾರ್ವೊ ವೈರಾಣು ಫಿನಾಯಿಲ್‌ಗೆ ಜಗ್ಗುವುದಿಲ್ಲ, ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೊದಲು ಕೊಳೆ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಸುರಿದು ಹತ್ತು ನಿಮಿಷ ಬಿಡಬೇಕು.

ಪಶುಪಾಲನಾ ಇಲಾಖೆಗೆ ಒಂದು ವಿನಂತಿ. 1962 ಸಹಾಯವಾಣಿ ಇದೆ ಎಂಬುದು ಹಸು ಸಾಕುವವರಿಗೆ ಗೊತ್ತಿರುವಷ್ಟು ನಾಯಿ ಸಾಕುವವರಿಗೆ ಗೊತ್ತಿಲ್ಲ. ತಾಲ್ಲೂಕು ಪಶು ಆಸ್ಪತ್ರೆಗಳ ಗೇಟಿನ ಮೇಲೆ ಆ ಸಂಖ್ಯೆಯನ್ನೂ, ರಾತ್ರಿ ಶಸ್ತ್ರಚಿಕಿತ್ಸೆ ಸಿಗುವ ಹತ್ತಿರದ ಊರಿನ ಹೆಸರನ್ನೂ ದೊಡ್ಡ ಅಕ್ಷರದಲ್ಲಿ ಬರೆಸಲಿ. ಬಣ್ಣದ ಒಂದು ಡಬ್ಬಿಯ ಖರ್ಚು ಅಷ್ಟೆ. ಬರುವವರು ಇಷ್ಟು ತರಲಿ: ವಾಂತಿಯ ಫೋಟೊ, ತಿಂದದ್ದರ ಪೊಟ್ಟಣ, ತಿಂದ ಹೊತ್ತು, ನಾಯಿಯ ತೂಕ.

ಇಂತಿ,
ಓರ್ವ ಪಶುವೈದ್ಯ, ತುಮಕೂರು