ಐರ್ಲೆಂಡ್ ಕಳಚಿಟ್ಟ ಮತನಂಬಿಕೆಯ ಕಾನೂನು

ಮಾನ್ಯ ಸಂಪಾದಕರೇ,

ಅಮೆರಿಕದ ಲೂಸಿಯಾನ ರಾಜ್ಯವು ಸರ್ಕಾರಿ ಶಾಲೆಗಳ ಪ್ರತಿ ತರಗತಿಯಲ್ಲೂ ಬೈಬಲ್ಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕೆಂದು 2024ರಲ್ಲಿ ಕಾನೂನು ಮಾಡಿದ ಮೇಲೆ, ಕ್ರೈಸ್ತರು ಬಹುಸಂಖ್ಯಾತರಾಗಿರುವ ದೇಶದ ಶಾಸನಗಳು ಕ್ರೈಸ್ತ ನಂಬಿಕೆಯ ಮೇಲೆಯೇ ನಿಲ್ಲಬೇಕೇ ಎಂಬ ಹಳೆಯ ಚರ್ಚೆಗೆ ಮತ್ತೆ ಕಾವು ಬಂದಿದೆ. ಪರ ವಹಿಸುವವರೂ ವಿರೋಧಿಸುವವರೂ ಸಾಮಾನ್ಯವಾಗಿ ತತ್ವದ ಮಾತನ್ನೇ ಆಡುತ್ತಾರೆ. ಆದರೆ ಐರ್ಲೆಂಡ್ ಇದನ್ನು ದಶಕಗಳ ಕಾಲ, ಅದೂ ಜನರ ಒಪ್ಪಿಗೆ ಪಡೆದೇ, ಆಚರಣೆಗೆ ತಂದು ನೋಡಿದೆ. ಅದರ ಪರಿಣಾಮವನ್ನು ಉಂಡವರಲ್ಲಿ ನಮ್ಮ ಬೆಳಗಾವಿಯ ಒಂದು ಕುಟುಂಬವೂ ಇರುವುದರಿಂದ, ಇದು ಎಲ್ಲೋ ದೂರದ ವಿಷಯವೆಂದು ಸುಮ್ಮನಿರುವಂತಿಲ್ಲ.

ಐರ್ಲೆಂಡಿನ 1937ರ ಸಂವಿಧಾನ ಆರಂಭವಾಗುವುದೇ ಪರಮಪವಿತ್ರ ತ್ರಿತ್ವದ, ಅಂದರೆ ತಂದೆ, ಮಗ, ಪವಿತ್ರಾತ್ಮ ಎಂದು ಕ್ರೈಸ್ತರು ನಂಬುವ ದೇವರ ಹೆಸರಿನಲ್ಲಿ. ಸಕಲ ಅಧಿಕಾರವೂ ಅಲ್ಲಿಂದಲೇ ಬರುತ್ತದೆ ಎಂದು ಅದರ ಪ್ರಸ್ತಾವನೆ ಸಾರುತ್ತದೆ. ಕ್ಯಾಥೊಲಿಕ್ ಚರ್ಚಿಗೆ ವಿಶೇಷ ಸ್ಥಾನವಿದೆಯೆಂದು ಅದರ 44ನೇ ವಿಧಿ ಹೇಳುತ್ತಿತ್ತು, ವಿಚ್ಛೇದನಕ್ಕೆ ಅವಕಾಶ ಕೊಡುವ ಕಾನೂನನ್ನು ಸಂಸತ್ತು ಮಾಡಲೇಬಾರದೆಂದು 41ನೇ ವಿಧಿ ಕಟ್ಟುಹಾಕಿತ್ತು. ಗರ್ಭನಿರೋಧಕಗಳ ಮಾರಾಟ ಮತ್ತು ಆಮದನ್ನು 1935ರಲ್ಲಿಯೇ ನಿಷೇಧಿಸಲಾಗಿತ್ತು. 1979ರಲ್ಲಿ ಆ ನಿಷೇಧ ಸಡಿಲವಾದಾಗಲೂ ಅವುಗಳನ್ನು ಕೊಳ್ಳಲು ವೈದ್ಯರ ಚೀಟಿ ಬೇಕಿತ್ತು! ಇನ್ನು 1983ರಲ್ಲಿ ಶೇ 67ರಷ್ಟು ಮತದಾರರು ಎಂಟನೇ ತಿದ್ದುಪಡಿಯನ್ನು ಅಂಗೀಕರಿಸಿ, ಹುಟ್ಟದ ಶಿಶುವಿಗೂ ತಾಯಿಗೂ ಸಮಾನ ಜೀವಿಸುವ ಹಕ್ಕನ್ನು ಸಂವಿಧಾನದಲ್ಲಿ ಬರೆಸಿದರು. ಹಾಗೆ ಮತ ಹಾಕಿದವರು ಕಲ್ಲುಮನಸ್ಸಿನವರೇನಲ್ಲ. ತಾವು ನಂಬಿದ ಸತ್ಯವನ್ನು ನೆಲದ ಕಾನೂನನ್ನಾಗಿ ಮಾಡುತ್ತಿದ್ದೇವೆ ಎಂದೇ ಅವರು ತಿಳಿದಿದ್ದರು, ಮತ್ತು ತೊಡಕು ಇದ್ದದ್ದೂ ಅಲ್ಲಿಯೇ.

ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೆ ನಗರದ ಆಸ್ಪತ್ರೆಗೆ ದಾಖಲಾದಾಗ ಅವರಿಗೆ 31 ವರ್ಷ, ಗರ್ಭಕ್ಕೆ 17 ವಾರ. ಗರ್ಭ ಉಳಿಯುವುದಿಲ್ಲ ಎಂಬುದು ಬೇಗನೆ ಖಚಿತವಾಯಿತು. ಹಾಗಿದ್ದರೆ ಅದನ್ನು ತೆಗೆದುಬಿಡಿ ಎಂದು ಅವರೇ ಕೇಳಿಕೊಂಡರು. ಆದರೆ ಭ್ರೂಣದ ಎದೆಬಡಿತ ಇನ್ನೂ ಇದ್ದುದರಿಂದ, ತಾಯಿಯ ಪ್ರಾಣಕ್ಕೇ ಅಪಾಯವಿದೆಯೆಂದು ತೋರುವವರೆಗೆ ಕಾನೂನಿನ ಪ್ರಕಾರ ಕೈಹಾಕುವಂತಿಲ್ಲ ಎಂಬ ಉತ್ತರ ಬಂತು. ಅಪಾಯವಿದೆಯೆಂದು ತಿಳಿಯುವಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು; ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಆಸ್ಪತ್ರೆಯ ನಿಗಾದಲ್ಲಿಯೂ ಲೋಪಗಳಿದ್ದವು ಎಂದು ಮುಂದೆ ನಡೆದ ವಿಚಾರಣೆಗಳು ಹೇಳಿರುವುದನ್ನು ಇಲ್ಲಿ ಮರೆಮಾಚಬಾರದು. ಆದರೂ ಸಾವಿನ ವಿಚಾರಣೆಯಲ್ಲಿ ದಾದಿಯೊಬ್ಬರು ಒಪ್ಪಿಕೊಂಡ ಒಂದು ಮಾತನ್ನು ಮರೆಯಲಾಗದು: ಇದು ಕ್ಯಾಥೊಲಿಕ್ ದೇಶ ಎಂದು ತಾವು ಸವಿತಾ ಅವರಿಗೆ ಹೇಳಿದ್ದು ನಿಜ, ಆದರೆ ನೋಯಿಸುವ ಉದ್ದೇಶದಿಂದ ಹೇಳಿದ್ದಲ್ಲ ಎಂದು ಅವರು ತಿಳಿಸಿದರು. ಅದನ್ನು ನಾನು ನಂಬುತ್ತೇನೆ. ಒಂದು ಮತದ ನಂಬಿಕೆ ದೇಶದ ಶಾಸನವಾಗಿಬಿಟ್ಟರೆ, ಆ ಮತಕ್ಕೆ ಸೇರದ ರೋಗಿಗೆ ಒಳ್ಳೆಯ ಮನಸ್ಸಿನ ದಾದಿಯೂ ಅದಕ್ಕಿಂತ ಬೇರೆ ಉತ್ತರ ಕೊಡಲಾರಳು. ಇದೇ ಸ್ಥಿತಿ ಬೆಳಗಾವಿಯಲ್ಲಿ ಎದುರಾಗಿದ್ದರೆ, 1971ರ ನಮ್ಮ ವೈದ್ಯಕೀಯ ಗರ್ಭಪಾತ ಕಾಯ್ದೆಯಡಿ ಇಬ್ಬರು ವೈದ್ಯರ ಅಭಿಪ್ರಾಯ ಸಾಕಾಗುತ್ತಿತ್ತು.

ನಂಬಿಕೆಯ ಪರ ವಾದಿಸುವವರು ಇಲ್ಲೊಂದು ನ್ಯಾಯವಾದ ಪ್ರಶ್ನೆ ಎತ್ತುತ್ತಾರೆ. ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರವನ್ನು 1807ರಲ್ಲಿ ನಿಲ್ಲಿಸಿದ ಸಂಸದ ವಿಲ್ಬರ್‌ಫೋರ್ಸ್ ಮತ್ತು ಸಂಗಡಿಗರನ್ನು ಎಬ್ಬಿಸಿದ್ದು ಕ್ರೈಸ್ತ ಶ್ರದ್ಧೆಯೇ ಅಲ್ಲವೇ? ಖಂಡಿತ ಹೌದು. ಆದರೆ ಅದೇ ಬೈಬಲ್ಲಿನ ವಾಕ್ಯಗಳನ್ನು ಎತ್ತಿ ತೋರಿಸಿ ಗುಲಾಮಗಿರಿಯನ್ನು ಸಮರ್ಥಿಸಿಕೊಂಡವರೂ ಇದ್ದರು. ಪಾರ್ಲಿಮೆಂಟಿನಲ್ಲಿ ಕೊನೆಗೆ ಗೆದ್ದ ವಾದವೆಂದರೆ, ಯಾವ ಮತದವನೂ ತೂಗಿ ನೋಡಬಹುದಾದ, ಹಡಗಿನ ತಳದಲ್ಲಿ ಸರಪಳಿ ಬಿಗಿದು ಮನುಷ್ಯರನ್ನು ಸಾಗಿಸುತ್ತಿದ್ದ ಕ್ರೌರ್ಯದ ವಿವರ. ಶಾಸಕರಿಗೆ ಪ್ರೇರಣೆ ಎಲ್ಲಿಂದಲಾದರೂ ಬರಲಿ, ಶಾಸನಕ್ಕೆ ಕೊಡುವ ಕಾರಣ ಮಾತ್ರ ಎಲ್ಲ ಪ್ರಜೆಗಳೂ ಪರಿಶೀಲಿಸಬಲ್ಲಂಥದ್ದಾಗಿರಬೇಕು ಎಂಬುದಷ್ಟೇ ನನ್ನ ವಾದ.

ಐರಿಷ್ ಜನರೇ ಈ ತೀರ್ಮಾನಕ್ಕೆ ಹಂತಹಂತವಾಗಿ ಬಂದರು. ಚರ್ಚಿನ ವಿಶೇಷ ಸ್ಥಾನವನ್ನು 1972ರ ಜನಮತ ಸಂಗ್ರಹದಲ್ಲಿ ತೆಗೆದುಹಾಕಿದರು. ವಿಚ್ಛೇದನಕ್ಕೆ 1986ರಲ್ಲಿ ಬೇಡ ಎಂದವರು 1995ರಲ್ಲಿ ಒಂಬತ್ತು ಸಾವಿರ ಚಿಲ್ಲರೆ ಮತಗಳ ಅಂತರದಲ್ಲಿ ಹೂಂ ಎಂದರು. ರದ್ದತಿಯ ಪರ ಮತ ಹಾಕಿರೆಂದು ಸವಿತಾ ಅವರ ತಂದೆ ಬೆಳಗಾವಿಯಿಂದ ಮನವಿ ಮಾಡಿಕೊಂಡಿದ್ದ 2018ರ ಮೇ 25ರ ಮತದಾನದಲ್ಲಿ ಶೇ 66.4ರಷ್ಟು ಮಂದಿ ಎಂಟನೇ ತಿದ್ದುಪಡಿಯ ರದ್ದತಿಗೆ ಒಪ್ಪಿದರು. ಅದಕ್ಕೆ ಎರಡು ವರ್ಷ ಹಿಂದಿನ ಜನಗಣತಿಯಲ್ಲಿ ಅಲ್ಲಿನ ಶೇ 78ರಷ್ಟು ಜನ ತಾವು ಕ್ಯಾಥೊಲಿಕರೆಂದು ಬರೆಸಿದ್ದರು. ಎಂದರೆ, ಆ ಕಾನೂನನ್ನು ಕಳಚಿಟ್ಟವರು ನಾಸ್ತಿಕರಲ್ಲ. ಮತ ಹಾಕಿದವರಲ್ಲಿ ಬಹಳ ಮಂದಿ ತಮ್ಮನ್ನು ಕ್ಯಾಥೊಲಿಕರೆಂದೇ ಕರೆದುಕೊಳ್ಳುವವರು, ಆದರೆ ಆ ನಂಬಿಕೆಯನ್ನು ಪಕ್ಕದ ಮನೆಯವರ ಮೇಲೆ ಪೊಲೀಸರ ಮೂಲಕ ಹೇರಲು ಇಷ್ಟಪಡದವರು.

ನಮ್ಮ ಸಂವಿಧಾನ ಸಭೆಯ ಮುಂದೆಯೂ ಈ ಐರಿಷ್ ಮಾದರಿ ಇತ್ತು. ರಾಜ್ಯನೀತಿಯ ನಿರ್ದೇಶಕ ತತ್ವಗಳ ಕಲ್ಪನೆಯನ್ನು ನಾವು ಅಲ್ಲಿಂದಲೇ ಪಡೆದೆವು, ಪ್ರಸ್ತಾವನೆಯ ದೈವಸ್ಮರಣೆಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ, ಸಭೆಯ ಸದಸ್ಯರಾದ ಹೆಚ್.ವಿ. ಕಾಮತರು 1949ರ ಅಕ್ಟೋಬರ್ 17ರಂದು, ನಮ್ಮ ಪ್ರಸ್ತಾವನೆಯೂ ದೇವರ ಹೆಸರಿನಲ್ಲಿ ಆರಂಭವಾಗಲಿ ಎಂದು ತಿದ್ದುಪಡಿ ಮಂಡಿಸಿದರು. ದೇವರಲ್ಲ, ದೇವಿಯ ಹೆಸರಿರಲಿ ಎಂದು ಇನ್ನೊಬ್ಬ ಸದಸ್ಯರು ಎದ್ದುನಿಂತರು! ನಂಬಿಕೆಯ ಸ್ವಾತಂತ್ರ್ಯವನ್ನು ಕೊಡುವ ಪ್ರಸ್ತಾವನೆಯೇ ನಂಬಿಕೆಯನ್ನು ಹೇರುವುದು ಸಲ್ಲದೆಂದು ಮತ್ತೊಬ್ಬ ಸದಸ್ಯ ಹೃದಯನಾಥ ಕುಂಜ್ರೂ ವಿರೋಧಿಸಿದರು. ತಿದ್ದುಪಡಿ 41–68 ಮತಗಳಿಂದ ಬಿದ್ದುಹೋಯಿತು. ವಿರುದ್ಧ ಮತ ಹಾಕಿದವರೆಲ್ಲ ದೇವರನ್ನು ನಂಬದವರೆಂದು ಯಾರೂ ಹೇಳಲಾರರು.

ನಮ್ಮಲ್ಲಿಯೂ ಮತನಂಬಿಕೆಯ ಕಾನೂನಿನ ಭಾರ ಮೊದಲು ಬಿದ್ದದ್ದು ಆ ಮತದವರ ಮೇಲೆಯೇ. 1869ರ ಭಾರತೀಯ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ಸಾಬೀತುಪಡಿಸಿದರೆ ಸಾಕಿತ್ತು, ಹೆಂಡತಿಯಾದರೆ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷದ ಪರಿತ್ಯಾಗವನ್ನೋ ತೋರಿಸಬೇಕಿತ್ತು. ಇಂಗ್ಲೆಂಡ್ ಈ ತಾರತಮ್ಯವನ್ನು 1923ರಲ್ಲಿಯೇ ಬಿಟ್ಟಿತು, ನಮ್ಮ ಸಂಸತ್ತು ತಿದ್ದಿದ್ದು 2001ರಲ್ಲಿ. ಧರ್ಮದ ವಿಷಯಕ್ಕೆ ಕೈಹಾಕಿದಂತಾಗುತ್ತದೆ ಎಂಬ ಅಳುಕು ಆ ವಿಳಂಬದಲ್ಲಿ ಇರಲಿಲ್ಲವೆನ್ನಲಾಗದು.

ಚರ್ಚಿನ ನ್ಯಾಯಮಂಡಳಿಗಳು ಕೊಡುವ ವಿವಾಹ ರದ್ದತಿಗೆ ಕಾನೂನಿನ ಮಾನ್ಯತೆ ಬೇಕೆಂದು ಮಂಗಳೂರಿನ ಹಿರಿಯ ವಕೀಲರೊಬ್ಬರು ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಳ್ಳಿಹಾಕಿತು. ಇದರಿಂದ ಕರಾವಳಿಯ ಕ್ಯಾಥೊಲಿಕ್ ದಂಪತಿಗಳು ಚರ್ಚು, ನ್ಯಾಯಾಲಯ ಎರಡೂ ಕಡೆ ಅಲೆಯಬೇಕಾಗುತ್ತದೆ, ಆ ಕಷ್ಟ ನಿಜವಾದದ್ದೇ. ಆದರೂ ಚರ್ಚಿನಲ್ಲಿ ಮತ್ತೆ ಮದುವೆಯಾಗಬಹುದೇ ಎಂಬುದನ್ನು ಚರ್ಚು ಹೇಳಲಿ, ಜೀವನಾಂಶ ಎಷ್ಟು, ಮಗು ಯಾರ ಬಳಿ ಇರಬೇಕು ಎಂಬುದನ್ನು ಕೌಟುಂಬಿಕ ನ್ಯಾಯಾಲಯ ಹೇಳಲಿ ಎಂಬ ಆ ವ್ಯವಸ್ಥೆಯೇ ಸರಿಯೆಂದು ನನಗೆ ತೋರುತ್ತದೆ.

ಇತಿ ತಮ್ಮ ವಿಶ್ವಾಸಿ,
ಓದುಗ, ಬೆಳಗಾವಿ