ಉತ್ತರ ಹೇಳದೆ ಕಲಿಸಿದವರಿಗೆ

ಷಟ್ಪದಿಯ ಪದ್ಯವನ್ನು ಕೊಟ್ಟರೆ ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು ಅಕ್ಷರಗಳನ್ನು ಗುರುತಿಸಿ, ಸಾಲುಸಾಲಿಗೂ ಮಾತ್ರೆ ಎಣಿಸಿ ತೋರಿಸುವ ಪ್ರೋಗ್ರಾಂ ಒಂದನ್ನು ನಾನು ಪೈಥಾನ್‌ನಲ್ಲಿ ಬರೆದು ಮುಗಿಸಿದ್ದೇನೆ. ಈ ವಾರದಿಂದ ನಮ್ಮ ಪದವಿ ವಿದ್ಯಾರ್ಥಿಗಳು ಛಂದಸ್ಸಿನ ಅಭ್ಯಾಸಕ್ಕೆ ಅದನ್ನು ಬಳಸುತ್ತಿದ್ದಾರೆ. ಕನ್ನಡ ಅಧ್ಯಾಪಕನಾದ ನನಗೆ ಇದು ಸಣ್ಣ ಸಂಗತಿಯಲ್ಲ. ನೆರವಾದವರಿಗೆ ಎಲ್ಲರೆದುರು ಕೃತಜ್ಞತೆ ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನಮ್ಮ ಕಾಲೇಜಿನ ಗಣಕ ವಿಜ್ಞಾನ ವಿಭಾಗದ ಮೇಡಂ ಅವರಿಗೆ. ವಿಡಿಯೊ ಪಾಠದ ಕೋಡನ್ನು ನೋಡಿ ಟೈಪ್ ಮಾಡಿದರೆ ಎಲ್ಲವೂ ಓಡುತ್ತದೆ, ಖಾಲಿ ಫೈಲು ತೆರೆದರೆ ಮಾತ್ರ ಮೊದಲ ಸಾಲೇ ಹೊಳೆಯುವುದಿಲ್ಲ ಎಂದು ನಾನು ಹೇಳಿಕೊಂಡಾಗ ಅವರು ಇನ್ನೊಂದು ಪಾಠವನ್ನು ಸೂಚಿಸಲಿಲ್ಲ. "ನೀವು ತರಗತಿಯಲ್ಲಿ ಕೈಯಾರೆ ಮಾಡುವ ಲೆಕ್ಕ ಯಾವುದು ಸರ್? ಅದನ್ನೇ ಕಂಪ್ಯೂಟರಿಗೆ ಕಲಿಸಿ" ಎಂದರು. ಪ್ರಸ್ತಾರ ಹಾಕುವುದು, ಅಂದರೆ ಪದ್ಯದ ಲಘು-ಗುರುಗಳನ್ನು ಗುರುತು ಮಾಡುವುದು ಎಂದೆ. ಅಲ್ಲಿಂದ ನಿಜವಾದ ಕಲಿಕೆ ಶುರುವಾಯಿತು.

ನಾವು ಮೂರು ಅಕ್ಷರವೆನ್ನುವ 'ಕನ್ನಡ' ಪದದ ಉದ್ದ ಕೇಳಿದರೆ ಪೈಥಾನ್ 5 ಎನ್ನುತ್ತದೆ, ಏಕೆಂದರೆ ಯೂನಿಕೋಡ್‌ನಲ್ಲಿ ಒತ್ತಕ್ಷರದೊಳಗಿನ ಎರಡು ನಕಾರಗಳಿಗೂ ಅವುಗಳ ನಡುವಿನ ಹಲಂತ ಚಿಹ್ನೆಗೂ ಬೇರೆಬೇರೆ ಸಂಕೇತಗಳಿವೆ. ನಾನು ನೋಡಿದ ಪಾಠಗಳ ಉದಾಹರಣೆಗಳೆಲ್ಲ ಇಂಗ್ಲಿಷ್ ಪದಗಳಾದ್ದರಿಂದ ಈ ಪ್ರಶ್ನೆ ಅಲ್ಲಿ ಎದ್ದೇ ಇರಲಿಲ್ಲ. ಸಂಕೇತಗಳನ್ನು ಕೂಡಿಸಿ ಅಕ್ಷರ ಮಾಡಿಕೊಂಡ ಮೇಲೆ ದೀರ್ಘ ಸ್ವರ, ಅನುಸ್ವಾರ, ವಿಸರ್ಗ, ವ್ಯಂಜನಾಂತ್ಯಗಳ ನಿಯಮಗಳನ್ನು ಒಂದೊಂದಾಗಿ ಬರೆದೆ. ಒತ್ತಕ್ಷರ ಮಾತ್ರ ತನ್ನ ಹಿಂದಿನ ಅಕ್ಷರವನ್ನು ಗುರುವಾಗಿಸುವುದರಿಂದ, ಮುಂದಿನದನ್ನು ನೋಡದೆ ಇಂದಿನದನ್ನು ತೀರ್ಮಾನಿಸುವಂತಿಲ್ಲ. ಲೂಪ್, ಷರತ್ತು ಎಂದು ಬಾಯಿಪಾಠವಾಗಿದ್ದ ಮಾತುಗಳು ನನಗೆ ಅರ್ಥವಾದದ್ದು ಆ ತೊಡಕನ್ನು ಬಿಡಿಸುವಾಗಲೇ. ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೆಯ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ನೆಯವಕ್ಕೆ 23. ಲೆಕ್ಕ ಕೂಡದಿದ್ದರೆ ಎಲ್ಲೋ ದೋಷವಿದೆ ಎಂದು ಛಂದಸ್ಸೇ ಹೇಳಿಬಿಡುತ್ತಿತ್ತು; ಇಂಥ ಪರೀಕ್ಷಕ ಬೇರೆ ಯಾವ ಕಲಿಯುವವರಿಗೆ ಸಿಕ್ಕೀತು? ಒಮ್ಮೆ ಎಷ್ಟು ಹುಡುಕಿದರೂ ಕಾರಣ ಕಾಣದಿದ್ದಾಗ, ಸಾಲಿನ ಪ್ರತಿ ಸಂಕೇತವನ್ನೂ ಬಿಡಿಬಿಡಿಯಾಗಿ ಮುದ್ರಿಸಿ ನೋಡಿ ಎಂದಷ್ಟೇ ಮೇಡಂ ಹೇಳಿದರು. ಹಾಗೆ ಮಾಡಿದಾಗ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಯೊಂದು ನಡುವೆ ಕುಳಿತಿರುವುದು ತಿಳಿಯಿತು.

ಎರರ್ ಸಂದೇಶವನ್ನು ಕೊನೆಯ ಸಾಲಿನಿಂದ ಓದಲು ರೂಢಿಸಿದ ಲ್ಯಾಬ್ ಸಹಾಯಕರಿಗೂ, 1991ರಲ್ಲಿ ಪೈಥಾನನ್ನು ಹೊರತಂದ ಗಿಡೊ ವಾನ್ ರೋಸಮ್ ಅವರಿಗೂ, ಅದನ್ನು ಇಂದಿಗೂ ಎಲ್ಲರಿಗೂ ಉಚಿತವಾಗಿ ಉಳಿಸಿರುವವರಿಗೂ, ಪ್ರೋಗ್ರಾಂ ಎಡವುವಂಥ ಪದ್ಯಗಳನ್ನೇ ಹುಡುಕಿ ತಂದ ವಿದ್ಯಾರ್ಥಿಗಳಿಗೂ, ರಾತ್ರಿಗಳನ್ನು ನನಗೆ ಬಿಟ್ಟುಕೊಟ್ಟ ಮನೆಯವರಿಗೂ ನಾನು ಋಣಿ. ಹಳಗನ್ನಡದಲ್ಲಿ ಒತ್ತಕ್ಷರದ ಹಿಂದಿನದು ಲಘುವಾಗಿಯೇ ಉಳಿಯುವ ಶಿಥಿಲ ದ್ವಿತ್ವವನ್ನು ನೆನಪಿಸಿದವರು ನಿವೃತ್ತರಾದ ನಮ್ಮ ಮೇಷ್ಟ್ರು. ಅಂಥ ಅನುಮಾನದ ಜಾಗ ಬಂದಾಗ ಪ್ರೋಗ್ರಾಂ ಈಗ ತಾನೇ ನಿರ್ಧರಿಸದೆ ಓದುವವರನ್ನು ಕೇಳುತ್ತದೆ. ಆ ಎಚ್ಚರ ಅವರಿಂದ ಬಂದದ್ದು.